ಬೂದಿ ಕಟ್ಟುವ ತನಕ

ಮೊನ್ನೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಒಬ್ಬ ಯುವಕ ಸಾಗರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ. ನಾನು ಕೈ ಎತ್ತಿ ತೋರಿಸಿದೆ. ಅವನು ಬಸ್ಸಿನ ಕಡೆ ನೋಡಲಿಲ್ಲ, ನನ್ನ ಕೈಯನ್ನೇ ನೋಡಿದ. "ಬೆರಳಿಗೆ ಏನಾಗಿದೆ ಅಜ್ಜಿ, ವಾಯುನಾ?" ಎಂದ.

ಏನೂ ಆಗಿಲ್ಲ. ತೋರುಬೆರಳನ್ನು ನೇರ ಚಾಚಿ ನಾನು ಏನನ್ನೂ ತೋರಿಸುವುದಿಲ್ಲ, ಅಷ್ಟೆ. ಮಡಚಿಕೊಂಡು ಗೆಣ್ಣಿನಿಂದ ತೋರಿಸುತ್ತೇನೆ. ಬಸ್ಸಾದರೂ ಹಾಗೆಯೇ, ಚಂದ್ರನಾದರೂ ಹಾಗೆಯೇ. ಅಂಗಡಿಯಲ್ಲಿ ಅತ್ತೆಯವರು ಸೀರೆ ಆರಿಸುವುದನ್ನು ನೋಡಿದರೆ ಸೀರೆಗೆ ಗುದ್ದಲು ಹೊರಟವರಂತೆ ಕಾಣುತ್ತಾರೆ ಎಂದು ನನ್ನ ಸೊಸೆ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ.

ಮಿಕ್ಕ ವಿಷಯಗಳಲ್ಲಿ ನಾನು ಶಿಸ್ತಿನ ಹೆಂಗಸು. ಹಾಸಿಗೆ ಸುತ್ತಿಡದೆ ಕಾಫಿ ಕುಡಿದವಳಲ್ಲ. ಒಗೆದ ಬಟ್ಟೆ ಮಡಚುವಾಗ ಅಂಚಿಗೆ ಅಂಚು ಕೂಡದಿದ್ದರೆ ಬಿಚ್ಚಿ ಮತ್ತೆ ಮಡಚುತ್ತೇನೆ. ಶಕುನ, ದೃಷ್ಟಿ, ಬೆಕ್ಕು ಅಡ್ಡ ಬಂದದ್ದು ಇವಕ್ಕೆಲ್ಲ ನನ್ನಲ್ಲಿ ಪುರುಸೊತ್ತಿಲ್ಲ. ಇಂಥವಳಲ್ಲಿ ಈ ಒಂದು ಅಭ್ಯಾಸ ಹೇಗೆ ಉಳಿಯಿತು ಎಂದು ನೀವು ಕೇಳಿದರೆ, ನಿಮ್ಮನ್ನು ಸೊರಬದ ಒಂದು ಹಿತ್ತಲಿಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಹೋಗೋಣ. ಆದರೆ ಶಿಕಾರಿಪುರದಿಂದ ಹೊರಡಬೇಕು. ನಾನು ಹೊರಟದ್ದು ಅಲ್ಲಿಂದ.

ಅಪ್ಪ ಅಂಜನಾಪುರದ ನಾಲೆಯ ಮೇಲೆ ಕೆಲಸಕ್ಕಿದ್ದರು. ಯಾವ ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಹೋಗಬೇಕು ಎನ್ನುವುದನ್ನು ನೋಡಿಕೊಳ್ಳುವುದು ಅವರ ಕೆಲಸ. ಗದ್ದೆಗೆ ನೀರಿನ ಸರದಿ ಇದ್ದಂತೆ ನಮ್ಮ ಮನೆಯಲ್ಲಿ ಎಲ್ಲಕ್ಕೂ ಸರದಿ ಇತ್ತು. ಗೋಡೆಯ ಗೂಡಿನಲ್ಲಿ ಒಂದು ಟೈಂಪೀಸು. ಅದು ಹೊಡೆದುಕೊಂಡರೆ ಏಳಬೇಕು, ಮುಖ ತೊಳೆಯಬೇಕು, ಮಗ್ಗಿ ಹೇಳಬೇಕು, ಆಮೇಲೆ ರೊಟ್ಟಿ. ಚಪ್ಪಲಿಗಳು ಹೊಸಿಲ ಪಕ್ಕ ಜೋಡಿಜೋಡಿಯಾಗಿ ಗೋಡೆಗೆ ಮೂತಿ ಮಾಡಿ ನಿಲ್ಲಬೇಕು. ಇದೆಲ್ಲ ನನಗೆ ಹಿಂಸೆಯಾಗಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ನನಗೆ ಇಷ್ಟವಾಗಿತ್ತು. ಪಕ್ಕದ ಮನೆಯ ಮಕ್ಕಳು ಹೊತ್ತು ಏರುವವರೆಗೆ ಮಲಗಿದ್ದರೆ ಅವರ ಕಿಟಕಿಯ ಹತ್ತಿರ ಹೋಗಿ ಮಗ್ಗಿ ಹೇಳುತ್ತಿದ್ದ ಹುಡುಗಿ ನಾನು. ನನ್ನನ್ನು ಯಾರೂ ಆಟಕ್ಕೆ ಕರೆಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆ ವರ್ಷ ಅವ್ವ ಮತ್ತೆ ಬಸುರಿಯಾದಳು. "ಮತ್ತೆ" ಎನ್ನುವ ಮಾತಿಗೆ ನಮ್ಮ ಮನೆಯಲ್ಲಿ ತೂಕವಿತ್ತು. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಈ ಸಲ ಮಂಚ ಬಿಟ್ಟು ಇಳಿಯಕೂಡದು ಎಂದು ಡಾಕ್ಟರು ಹೇಳಿದರು. ಅಪ್ಪನ ತಾಯಿ ಹಳ್ಳಿಯಿಂದ ಬಂದು ಅಡುಗೆಮನೆ ಹಿಡಿದರು. ನನ್ನನ್ನು ಸೊರಬದಲ್ಲಿದ್ದ ದೊಡ್ಡವ್ವನ ಮನೆಗೆ, ಅಂದರೆ ಅವ್ವನ ಅಕ್ಕನ ಮನೆಗೆ, ಕಳಿಸುವುದೆಂದಾಯಿತು.

ಹೊರಡುವ ಹಿಂದಿನ ಸಂಜೆ ನಾನು ಅವ್ವನ ಮಂಚದ ಪಕ್ಕ ನಿಂತು, ಅವಳ ಹೊಟ್ಟೆಯ ಕಡೆ ಬೆರಳು ಚಾಚಿ, "ಇಲ್ಲೇನಾ?" ಎಂದು ಕೇಳಿದೆ. ಅವ್ವ ನಕ್ಕು ಆ ಬೆರಳನ್ನೇ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಇಷ್ಟೇ ನಡೆದದ್ದು.

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಅಪ್ಪನನ್ನು ಕೇಳಿದೆ, ನನ್ನನ್ನು ಕರೆದುಕೊಂಡು ಹೋಗಲು ಯಾವತ್ತು ಬರುತ್ತೀರಿ ಎಂದು. ಇವತ್ತು ಬಿಟ್ಟ ನೀರು ಕೊನೆಯ ಗದ್ದೆಯನ್ನು ಯಾವಾಗ ಮುಟ್ಟುತ್ತದೆ ಎಂದು ಹೇಳಬಲ್ಲ ಮನುಷ್ಯ ಕಿಟಕಿಯ ಆಚೆ ನೋಡಿದರು. "ನೋಡೋಣ ತಡಿ" ಎಂದರು. ಅಪ್ಪನ ಬಾಯಲ್ಲಿ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಹೆದರಿಕೆಯಾದದ್ದು ಆಗ.

ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಗಂಡ, ಎರಡು ಎಮ್ಮೆ, ಸ್ವಲ್ಪ ಗದ್ದೆ, ಮತ್ತು ಹಿತ್ತಲು. ಅಪ್ಪ ಬಸ್ಸಿಗೆ ಹೊರಟ ಮೇಲೆ ನಾನು ಟ್ರಂಕಿನ ಮೇಲೆ ಕೂತು ಅದೇ ಪ್ರಶ್ನೆಯನ್ನು ಅವಳಿಗೂ ಕೇಳಿದೆ. ಅವಳು ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಬಚ್ಚಲ ನೀರು ಹರಿದು ಹೋಗುವ ಕಡೆ ಬಸಳೆಯ ಚಪ್ಪರ, ಅದರಾಚೆ ಹರಿವೆಯ ಪಾತಿ, ಬೇಲಿಯುದ್ದಕ್ಕೆ ಕೆಸು. ಒಂದು ಮೂಲೆಯಲ್ಲಿ ಹಳೆಯ ಗೊಬ್ಬರದ ಗುಡ್ಡೆ. ಅದರ ಮೇಲೆ ಆಗಷ್ಟೇ ಎರಡೆಲೆ ಬಿಟ್ಟ ಒಂದು ಸಸಿ. ದೊಡ್ಡವ್ವ ಬೆರಳು ಮಡಚಿ ಅದನ್ನು ತೋರಿಸಿದಳು. "ಇದು ಬೂದುಗುಂಬಳ. ಬಳ್ಳಿ ಹಬ್ಬಿ, ಕಾಯಿ ಕಚ್ಚಿ, ಕಾಯಿಗೆ ಬೂದಿ ಕಟ್ಲಿ ಮಗಾ. ನಿಮ್ಮಪ್ಪ ಬತ್ತಾರೆ."

ನನಗೆ ಸಮಾಧಾನವಾಯಿತು. ಕೊನೆಗೂ ಯಾರೋ ಒಂದು ಗಡುವು ಹೇಳಿದ್ದರು. ಆ ಗಡುವು ತಾನಾಗಿ ಹತ್ತಿರ ಬರುವ ಜಾತಿಯದಲ್ಲ ಎಂಬುದು ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು.

ಮೊದಲು ನಾನು ಮಾಡಿದ ಕೆಲಸವೆಂದರೆ ಹಿತ್ತಲಿಗೆ ಒಂದು ಸರದಿ ಹಾಕಿದ್ದು. ಎದ್ದ ಕೂಡಲೆ ಬೂದುಗುಂಬಳ, ಸ್ನಾನದ ಮೇಲೆ ಬಸಳೆ, ಅಲ್ಲಿ ಸೇರಿಸಿದ ಶಾಲೆಯಿಂದ ಬಂದ ಮೇಲೆ ಹರಿವೆ. ನೀರು ಹೊಯ್ದು, ಬೆಳೆದಿದೆಯೇ ಎಂದು ಬಗ್ಗಿ ನೋಡಿ, ಮತ್ತೆ ನೀರು ಹೊಯ್ಯುವುದು. ಹೊರಗೆ ಜಡಿಮಳೆ ಸುರಿಯುತ್ತಿದ್ದರೂ ನನ್ನ ಸರದಿ ತಪ್ಪುತ್ತಿರಲಿಲ್ಲ. ತಲೆಯ ಮೇಲೆ ಮಳೆಗೆ ಹೊದೆಯುವ ಗೊರಬು, ಕೈಯಲ್ಲಿ ತಂಬಿಗೆ. ದೊಡ್ಡಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ನನಗೆ ಅಮಲ್ದಾರರು ಎಂದು ಹೆಸರಿಟ್ಟವರು ಅವರೇ. ಅಮಲ್ದಾರರು ಎದ್ದರೇ, ಅಮಲ್ದಾರರ ಗಂಜಿ ಆಯಿತೇ, ಅಮಲ್ದಾರರು ಮಳೆಗೆ ನೀರು ಹೊಯ್ಯಲು ಹೋಗಿದ್ದಾರೆಯೇ ಎಂದು ಎಮ್ಮೆಗಳಿಗೆ ಕೇಳಿಸುವ ಹಾಗೆ ವಿಚಾರಿಸುತ್ತಿದ್ದರು.

ದೊಡ್ಡವ್ವ ನಗುತ್ತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ತನ್ನ ಪಕ್ಕ ಜಾಗ ಬಿಟ್ಟು ಕೂತುಕೊಳ್ಳುತ್ತಿದ್ದಳು. ಕೆಲಸವಿಲ್ಲದೆ ಕೂತುಕೊಳ್ಳುವವರನ್ನು ಶಿಕಾರಿಪುರದಲ್ಲಿ ನಾನು ನೋಡಿರಲಿಲ್ಲ. ಏನು ಮಾಡುತ್ತಿದ್ದೀಯ ಎಂದರೆ ನೋಡುತ್ತಿದ್ದೇನೆ ಎನ್ನುವಳು. ನೋಡಿ ಆದ ಮೇಲೆ ಏನು ಮಾಡುತ್ತೀಯ ಎಂದರೆ, "ಗಡಿಯಾರ ನಿಮ್ಮಪ್ಪಂದು ಮಗಾ. ಬಳ್ಳಿಗೆ ಯಾರೂ ಕೊಟ್ಟಿಲ್ಲ. ಸುಮ್ನೆ ಕೂತ್ಕ" ಎನ್ನುವಳು.

ಕೂತೆ. ಬೇರೆ ದಾರಿ ಇರಲಿಲ್ಲ. ಮೊದಲು ನನ್ನ ಕಾಲು ಮಾತ್ರ ಕೂತಿತು, ಕಣ್ಣು ಕೂರಲಿಲ್ಲ. ಆಮೇಲೆ ಯಾವತ್ತೋ ಕಣ್ಣೂ ಕೂತಿತು. ಬಳ್ಳಿಯ ತುದಿಯ ಎಳೆ ಸುರುಳಿ ಗಾಳಿಯಲ್ಲಿ ತಡಕಾಡಿ ತಡಕಾಡಿ ಒಂದು ಕಡ್ಡಿಯನ್ನು ಮುಟ್ಟಿ, ಮುಟ್ಟಿದ ಮೇಲೆ ಬಿಡದೆ ಸುತ್ತಿಕೊಳ್ಳುವುದನ್ನು ಕಂಡೆ. ಬೆಳಿಗ್ಗೆ ಅರಳಿದ ಹಳದಿ ಹೂ ಮಧ್ಯಾಹ್ನಕ್ಕೆ ಬಾಡುವುದನ್ನು ಕಂಡೆ. ಹೂಗಳಲ್ಲಿ ಎರಡು ಬಗೆ. ಕೆಲವು ಬರಿಯ ತೊಟ್ಟಿನ ಮೇಲೆ ನಿಂತವು. ಕೆಲವಕ್ಕೆ ಬೆನ್ನಿಗೆ ಅಡಿಕೆಗಿಂತ ತುಸು ದೊಡ್ಡದೊಂದು ಕಾಯಿ, ಮೈತುಂಬ ಬಿಳಿ ನವಿರು. ಪಡವಲಕಾಯಿ ಕೊಂಕದೆ ನೇರ ಇಳಿಯಲೆಂದು ತುದಿಗೆ ಕಲ್ಲು ಕಟ್ಟುವುದನ್ನೂ ಆಗ ಕಲಿತೆ. ಆ ಕೆಲಸ ನನಗೆ ಬಹಳ ಒಪ್ಪಿತು. ಇಡೀ ಹಿತ್ತಲಿನಲ್ಲಿ ಹೇಳಿದ ಮಾತು ಕೇಳುತ್ತಿದ್ದದ್ದು ಪಡವಲಕಾಯಿ ಒಂದೇ.

ಬೂದುಗುಂಬಳದ ಮೊದಲ ಮಿಡಿಯನ್ನು ಕಂಡವಳು ನಾನು. ಸಂತೋಷಕ್ಕೆ ಕೂಗಿ, ನೇರ ಬೆರಳು ಚಾಚಿ ತೋರಿಸಿದೆ. ದೊಡ್ಡವ್ವ ಓಡಿ ಬಂದು ನನ್ನ ಬೆರಳನ್ನು ಹಿಡಿದು ಮಡಚಿದಳು. ಎಳೆ ಮಿಡಿಗೆ ಬೆರಳು ತೋರಿಸಬಾರದು, ತೋರಿಸಿದರೆ ಅದು ಕೊಳೆಯುತ್ತದೆ, ಮಡಚಿ ತೋರಿಸಬೇಕು ಎಂದು ಹೇಳಿ, ನನ್ನ ಬೆರಳ ತುದಿಯನ್ನು ನನ್ನಿಂದಲೇ ಮೆಲ್ಲಗೆ ಕಚ್ಚಿಸಿದಳು. ಬೇಡದ್ದು ತಪ್ಪಲಿ ಎಂದು ಹಾಗೆ ಮಾಡುವುದಂತೆ.

ತಪ್ಪಲಿಲ್ಲ. ಮಿಡಿ ಹಳದಿಯಾಯಿತು, ತುದಿ ಮೆತ್ತಗಾಯಿತು, ಒಂದು ಬೆಳಿಗ್ಗೆ ನೆಲದ ಮೇಲಿತ್ತು.

ಮೊದಲ ಮಿಡಿಗಳು ಹೆಚ್ಚಾಗಿ ಉದುರುತ್ತವೆ, ಹೂವಿನ ಪುಡಿ ಸೇರದಿದ್ದರೆ ಯಾವ ಮಿಡಿಯೂ ನಿಲ್ಲುವುದಿಲ್ಲ. ಇದು ಈಗ ನನಗೆ ಗೊತ್ತು. ಆಗ ಗೊತ್ತಿದ್ದದ್ದು ಒಂದೇ. ನಾನು ಬೆರಳು ತೋರಿಸಿದೆ, ಅದು ಕೊಳೆಯಿತು. ಉದುರಿದ ಮಿಡಿಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಾಗ ಅವ್ವನ ಮಂಚ ಕಣ್ಣ ಮುಂದೆ ಬಂತು. ಅವಳ ಹೊಟ್ಟೆಯ ಕಡೆ ಚಾಚಿದ್ದ ನನ್ನ ಬೆರಳು. ಅವಳು ಅದನ್ನು ಹಿಡಿದು ಇನ್ನೂ ಹತ್ತಿರಕ್ಕೆ ಇಟ್ಟುಕೊಂಡದ್ದು.

ಆಮೇಲೆ ನಾನು ಹಿತ್ತಲಿಗೆ ಹೋಗುವುದನ್ನು ಬಿಟ್ಟೆ. ಊಟದ ಎಲೆಯ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ದೊಡ್ಡಪ್ಪ ಅಮಲ್ದಾರರು ರಜೆಯ ಮೇಲಿದ್ದಾರೆಯೇ ಎಂದು ಕೇಳಿ, ನಗು ಬಾರದ್ದನ್ನು ಕಂಡು ಎಮ್ಮೆಗಳ ಕಡೆ ಹೋದರು. ದೊಡ್ಡವ್ವ ಹರಿವೆ ಸೊಪ್ಪು ಬಿಡಿಸಲು ಪಕ್ಕದಲ್ಲಿ ಕೂರಿಸಿಕೊಂಡಳು. ಮರುದಿನವೂ ಕೂರಿಸಿಕೊಂಡಳು. ಬಳ್ಳಿಯನ್ನು ನೋಡುವ ಹಾಗೆಯೇ ನನ್ನನ್ನೂ ನೋಡುತ್ತಿದ್ದಳೆಂದು ಈಗ ಅನ್ನಿಸುತ್ತದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಸೊಪ್ಪು ಬಿಡಿಸುತ್ತ ಬಿಡಿಸುತ್ತ, ಅವ್ವನ ಹೊಟ್ಟೆಗೆ ಬೆರಳು ತೋರಿಸಿದ್ದನ್ನು ನಾನಾಗಿಯೇ ಹೇಳಿಬಿಟ್ಟೆ.

ಅವಳ ಕೈ ನಿಂತಿತು. ಅದೆಲ್ಲ ಸುಳ್ಳು ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ, ಬೆರಳು ಮಡಚಲು ಕಲಿಸಿದವಳೇ ಅವಳು. ಮಡಿಲಿನ ಸೊಪ್ಪನ್ನು ಮೊರಕ್ಕೆ ಸುರಿದು ಎದ್ದಳು. ನನ್ನನ್ನು ಬಳ್ಳಿಯ ಹತ್ತಿರ ಕರೆದುಕೊಂಡು ಹೋಗಿ ಎಲೆ ಸರಿಸಿದಳು. ಅಲ್ಲಿ ಇನ್ನೊಂದು ಮಿಡಿ ಇತ್ತು, ನಾನು ಬಾರದಿದ್ದ ದಿನಗಳಲ್ಲಿ ಕಚ್ಚಿದ್ದು. ದೊಡ್ಡವ್ವ ಬಲಗೈ ಎತ್ತಿ, ತೋರುಬೆರಳನ್ನು ನೇರ ಮಾಡಿ, ಆ ಮಿಡಿಗೆ ಹಿಡಿದಳು.

"ನೋಡ್ದ್ಯಾ? ನಾನೇ ತೋರಿಸ್ದೆ. ಇದು ಉಳಿದ್ರೆ ಅದೂ ಉಳೀತದೆ. ಇನ್ನು ಇಬ್ರೂ ಕಾಯಣ."

ಅವತ್ತು ರಾತ್ರಿ ಹೊಟ್ಟೆ ತುಂಬ ಉಂಡೆ.

ಮರುದಿನ ಬೆಳಕು ಹರಿಯುವಾಗ ನನ್ನ ಶಿಕಾರಿಪುರದ ಅಭ್ಯಾಸಕ್ಕೆ ಎಚ್ಚರವಾಯಿತು. ಮಿಡಿ ಹೇಗಿದೆಯೋ ನೋಡೋಣವೆಂದು ಹಿತ್ತಲ ಬಾಗಿಲಿಗೆ ಬಂದೆ. ದೊಡ್ಡವ್ವ ಅಲ್ಲಿದ್ದಳು. ಬಳ್ಳಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೆರಳು ಮಡಚಿ, ತುದಿಯನ್ನು ಕಚ್ಚಿ, ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಮತ್ತೆ ಕಚ್ಚಿ, ಮತ್ತೆ ನೆಲ ಮುಟ್ಟಿ. "ಮಗೂನ ಸಮಾಧಾನಕ್ಕೆ ತೋರಿಸ್ದೆ ತಾಯಿ. ಸಿಟ್ಟಾಗ್ಬ್ಯಾಡ. ನನ್ನ ತಂಗಿ ಹೊಟ್ಟೆ ತಣ್ಣಗಿರ್ಲಿ" ಎನ್ನುತ್ತಿದ್ದಳು.

ನಾನು ಸದ್ದಿಲ್ಲದೆ ವಾಪಸು ಹೋಗಿ ಕಂಬಳಿ ಹೊದ್ದುಕೊಂಡೆ. ಅವಳಿಗೆ ನನ್ನಷ್ಟೇ ಹೆದರಿಕೆಯಿತ್ತು. ಆ ಹೆದರಿಕೆ ಇಟ್ಟುಕೊಂಡೇ ಬೆರಳು ಚಾಚಿದ್ದಳು. ಕಂಡದ್ದನ್ನೆಲ್ಲ ಕಂಡೆ ಎಂದು ಹೇಳಬೇಕಾಗಿಲ್ಲ ಎನ್ನುವುದು ಆ ಬೆಳಿಗ್ಗೆ ನನಗೆ ತಿಳಿಯಿತು. ಎದ್ದ ಮೇಲೆ ಇಬ್ಬರೂ ಏನೂ ನಡೆದೇ ಇಲ್ಲವೆಂಬಂತೆ ಕಲ್ಲಿನ ಮೇಲೆ ಕೂತೆವು. ಅವಳು ನನಗಾಗಿ ಧೈರ್ಯದ ಮುಖ ಹಾಕಿದಳು, ನಾನು ಅವಳಿಗಾಗಿ. ಮಿಡಿ ಪಾಪ ನಮ್ಮಿಬ್ಬರ ಮುಖ ನೋಡಿಕೊಂಡು ಬೆಳೆಯಬೇಕಾಗಿತ್ತು.

ಬೆಳೆಯಿತು. ಮುಷ್ಟಿಯಷ್ಟಾಯಿತು, ತಂಬಿಗೆಯಷ್ಟಾಯಿತು. ಕೆಳಗೆ ಒಣಹುಲ್ಲು ಹಾಸಿದೆವು. ಶಿಕಾರಿಪುರದಿಂದ ಸುದ್ದಿ ಬರುತ್ತಿತ್ತು, ಆದರೆ ಆ ಕಡೆಯಿಂದ ಬಂದವರು ಹೇಳುತ್ತಿದ್ದದ್ದು ಒಂದೇ ಮಾತು, ಮಲಗಿಕೊಂಡೇ ಇದ್ದಾಳೆ. ಆ ಮಾತು ಕೇಳಿದಾಗಲೆಲ್ಲ ನಾವಿಬ್ಬರೂ ಬೇರೆ ಬೇರೆ ನೆಪ ಹೇಳಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆವು.

ಭೂಮಿ ಹುಣ್ಣಿಮೆ ಬಂತು. ಗದ್ದೆಯ ಪೈರು ಹೊಡೆ ತುಂಬಿ ನಿಂತ ಹೊತ್ತಿನಲ್ಲಿ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂದು ನಮ್ಮ ಕಡೆ ಮಾಡುವ ಹಬ್ಬ. ದೊಡ್ಡವ್ವ ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಗೆರೆ ಎಳೆದು, ಹಿತ್ತಲು ಬೇಲಿಗಳಲ್ಲಿ ಸಿಕ್ಕ ಸೊಪ್ಪು ಕುಡಿಗಳನ್ನೆಲ್ಲ ಬೇಯಿಸಿದ ಹಚ್ಚಂಬಲಿಯನ್ನು ಅದರಲ್ಲಿ ತುಂಬಿದಳು. ಸೂರ್ಯ ಮೂಡುವ ಮುಂಚೆ ಅದನ್ನು ಗದ್ದೆಯ ತುಂಬ ಬೀರಬೇಕು. ದೊಡ್ಡಪ್ಪ ಬುಟ್ಟಿ ಹೊರಲು ತಲೆಗೆ ಸಿಂಬಿ ಇಟ್ಟುಕೊಂಡು ನಿಂತಿದ್ದರೆ, ಇವಳು ಮೊದಲ ಹಿಡಿಯನ್ನು ತೆಗೆದುಕೊಂಡು ಹಿತ್ತಲಿಗೆ ನಡೆದು ಕುಂಬಳದ ಬುಡಕ್ಕೆ ಹಾಕಿದಳು.

"ಗದ್ದೆಗಿಂತ ಮೊದ್ಲು ಕುಂಬಳಕ್ಕಾ? ಗದ್ದೆ ಸಿಟ್ಟಾದ್ರೆ ವರ್ಷದ ಅನ್ನ ಕುಂಬಳದ ಹತ್ರನೇ ಕೇಳು" ಎಂದರು ದೊಡ್ಡಪ್ಪ.

"ಬಸುರಿ ಅಂದ್ರೆ ಬಸುರಿನೇ. ಅದ್ರಾಗೆ ದೊಡ್ಡದು ಸಣ್ಣದು ಅಂತ ಇಲ್ಲ. ನಡೀರಿ, ಹೊತ್ತಾತು" ಎಂದಳು ದೊಡ್ಡವ್ವ.

ಆ ಹಬ್ಬ ಕಳೆದ ಮೇಲೆ, ದೀಪಾವಳಿ ಇನ್ನೂ ಬಾರದಿದ್ದಾಗ, ಒಂದು ಮಧ್ಯಾಹ್ನ ಹಿತ್ತಲಿನಿಂದ ಒಳಗೆ ಬಂದೆ. ಮುಂಬಾಗಿಲ ಹೊಸಿಲ ಹತ್ತಿರ ಅಪ್ಪನ ಚಪ್ಪಲಿಗಳಿದ್ದವು. ಒಂದು ಮೆಟ್ಟಿಲ ಮೇಲೆ, ಇನ್ನೊಂದು ಅಂಗಳದಲ್ಲಿ ಮಗುಚಿ ಬಿದ್ದಿತ್ತು. ಅಪ್ಪನ ಚಪ್ಪಲಿಗಳನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ. ನೋಡುವುದನ್ನು ಕಲಿತದ್ದು ಬೇಡವಾಗಿತ್ತು ಎಂದು ಅನ್ನಿಸಿದ ಗಳಿಗೆ ಅದು. ಅಡುಗೆಮನೆಯ ಗೋಡೆ ಹಿಡಿದು ನಿಂತೆ.

ಅಪ್ಪ ಒಳಗೆ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದರು. ಮುಗಿಸಿ, ಇನ್ನೊಂದು ತಂಬಿಗೆ ಕೇಳಿದರು. ದೊಡ್ಡವ್ವ ಕೊಡಲಿಲ್ಲ. "ಮೊದ್ಲು ಹೇಳ್ರೀ" ಎಂದಳು.

"ಹೆಣ್ಣು ಕೂಸು ಅಕ್ಕಾರೆ. ಇಬ್ರೂ ಆರಾಮ ಅದಾರೆ. ಹುಟ್ಟಿದ ಕೂಡ್ಲೆ ಏನು ಅಳೋದು ಅಂತೀರಿ, ನಾಲೆ ಆಚೆ ದಂಡಿಗೆ ಕೇಳ್ತಿತ್ತು."

ದೊಡ್ಡವ್ವ ತಂಬಿಗೆ ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಆಮೇಲೆ ನನ್ನ ಕಡೆ ನೋಡಿದಳು. ನಾನೂ ನೋಡಿದೆ. ಅಪ್ಪನಿಗೆ ಏನೂ ತಿಳಿಯಲಿಲ್ಲ.

ಸಂಜೆಯ ಬಸ್ಸಿಗೆ ಹೊರಡಬೇಕು ಎಂದರು ಅಪ್ಪ. ನಾನು ಹಿತ್ತಲಿಗೆ ಓಡಿದೆ. ಕಾಯಿ ಒಳ್ಳೆಯ ಕೊಡದಷ್ಟಾಗಿತ್ತು. ನವಿರೆಲ್ಲ ಉದುರಿ ಮೈ ಹಸಿರು ಹೊಳೆಯುತ್ತಿತ್ತು. ಬೂದಿ ಕಟ್ಟಿರಲಿಲ್ಲ. ಅಷ್ಟು ತಿಂಗಳು ಯಾವ ಊರಿಗೆ ಹೋಗಲೆಂದು ಅದರ ಮುಂದೆ ಕಾದಿದ್ದೆನೋ, ಈಗ ಆ ಊರಿಗೆ ಹೋಗು ಎಂದರೆ ನನಗೆ ಬೇಡವಾಗಿತ್ತು. ಇನ್ನು ಸ್ವಲ್ಪ ದಿನ ಬಿಟ್ಟು ಬರುತ್ತೇನೆ, ಬೂದಿ ಕಟ್ಟಿದ ಮೇಲೆ ಬರುತ್ತೇನೆ ಎಂದು ಹಟ ಹಿಡಿದೆ. ಅಪ್ಪ ಬಸ್ಸಿನ ಹೊತ್ತು ಹೇಳಿದರು. ದೊಡ್ಡವ್ವ ನನ್ನ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತ, "ಕಟ್ತದೆ ಮಗಾ. ನೀನು ನೋಡ್ದಿದ್ರೂ ಕಟ್ತದೆ. ಹೋಗು, ತಂಗಿನ ನೋಡು" ಎಂದಳು. ಜಡೆ ಹೆಣೆಯಲು ಅವಳು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ.

ಅವ್ವ ಚೆನ್ನಾಗಿದ್ದಳು. ತಂಗಿ ಕೆಂಪಗೆ, ಸುಕ್ಕುಸುಕ್ಕಾಗಿ, ಮನೆಯ ಟೈಂಪೀಸಿಗೆ ಕವಡೆಯ ಬೆಲೆ ಕೊಡದೆ ಅಳುತ್ತಿದ್ದಳು. ಕೆಲವು ವಾರಗಳ ಮೇಲೆ ಸೊರಬದಿಂದ ಬಂದ ಬಸ್ಸಿನ ಕಂಡಕ್ಟರು ಒಂದು ಗೋಣಿಚೀಲ ಇಳಿಸಿ ಹೋದರು. ಒಳಗೆ ಆ ಕಾಯಿ. ದಾರಿಯುದ್ದಕ್ಕೂ ಉರುಳಾಡಿ ಅದರ ಬೂದಿಯೆಲ್ಲ ಗೋಣಿಗೆ ಹತ್ತಿತ್ತು. ಕಾಯಿ ಮತ್ತೆ ಹಸಿರಾಗಿ, ಅಲ್ಲಲ್ಲಿ ಬಿಳಿ ಉಳಿಸಿಕೊಂಡು ಹೊರಗೆ ಬಂತು. ಅಜ್ಜಿ ಅದನ್ನು ಹೆಚ್ಚಿ ಮಜ್ಜಿಗೆಹುಳಿ ಮಾಡಿದರು. ರುಚಿಯಾಗಿತ್ತು ಎಂದು ಎಲ್ಲರೂ ಹೇಳಿದರು.

ಬೇಸಿಗೆ ರಜಕ್ಕೆ ಸೊರಬಕ್ಕೆ ಹೋಗುವುದೆಂದು ನಾನು ಮನಸ್ಸಿನಲ್ಲೇ ಸರದಿ ಹಾಕಿಕೊಂಡಿದ್ದೆ. ಹೋಗಲಾಗಲಿಲ್ಲ. ಆ ಬೇಸಿಗೆಗಳಲ್ಲಿ ಸೊರಬದ ಕಡೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಜನಕ್ಕೆ ಜ್ವರ ಬರುತ್ತಿತ್ತು. ಕೈಕೂಸಿರುವ ಮನೆ, ಆ ತಾಲ್ಲೂಕಿನ ಕಡೆ ಹೋಗುವುದು ಬೇಡ ಎಂದರು ಅಪ್ಪ. ಮಳೆಗಾಲದಲ್ಲಿ ನನಗೆ ಶಾಲೆ, ಅವರಿಗೆ ನಾಲೆ. ನಮ್ಮ ಮನೆಯ ಹಿಂದೆ ನಾನೂ ಬೀಜ ಹಾಕಿದೆ. ಬಳ್ಳಿ ಬಂತು, ಕಾಯಿ ಬಂತು, ಬೂದಿಯೂ ಕಟ್ಟಿತು. ಪಕ್ಕದಲ್ಲಿ ಜಾಗ ಬಿಟ್ಟು ಕೂರುವವರು ಇರಲಿಲ್ಲ, ಅಷ್ಟೆ.

ಕೊನೆಗೆ ಹೋದದ್ದು ತಂಗಿ ಚೆನ್ನಾಗಿ ಮಾತಾಡುವ ಹೊತ್ತಿಗೆ, ಒಂದು ದೀಪಾವಳಿಗೆ. ನಾನು ಲಂಗ ದಾವಣಿ ಉಟ್ಟಿದ್ದೆ. ದೊಡ್ಡವ್ವ ಬಾಗಿಲಲ್ಲಿ ನಿಂತು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಎಷ್ಟು ಎತ್ತರವಾಗಿದ್ದೀಯ ಎಂದಳು. ಒಳಗಿನಿಂದ ಹೊಸ ಚಾಪೆ ತಂದು ನಡುಮನೆಯಲ್ಲಿ ಹಾಸಿದಳು, ನೆಂಟರಿಗೆ ಹಾಸುವಂಥದ್ದು. ಲೋಟದಲ್ಲಿ ಕಾಫಿ ಕೊಟ್ಟು, ದಣಿದು ಬಂದಿದ್ದೀಯ, ಕೂತುಕೊಂಡು ಕುಡಿ ಎಂದಳು. ದೊಡ್ಡಪ್ಪ ಅಮಲ್ದಾರರು ಎನ್ನಲಿಲ್ಲ, ಪರೀಕ್ಷೆ ಯಾವಾಗ ಎಂದು ಕೇಳಿ ಗದ್ದೆಗೆ ಹೋದರು. ಅವ್ವ ಒಳಗೆ ಮಲಗಿದಳು. ತಂಗಿ ದೊಡ್ಡವ್ವನ ಸೆರಗು ಹಿಡಿದು ಎಮ್ಮೆ ಎಲ್ಲಿ, ಕರು ಎಲ್ಲಿ ಎಂದು ಪೀಡಿಸುತ್ತಿದ್ದಳು. ದೊಡ್ಡವ್ವ ಅವಳನ್ನು ಸೊಂಟಕ್ಕೆ ಏರಿಸಿಕೊಂಡು, "ಬಾ ಮಗಾ, ಹಿತ್ತಲು ನೋಡಣ" ಎಂದು ಹೊರಟಳು.

ನಾನು ಎದ್ದು ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು, ಯಾರೂ ತಡೆದಿರಲಿಲ್ಲ. ಆದರೆ ಕರೆದರೆ ಹೋಗುವುದು ಬೇರೆ. ತಂಗಿ ಏನನ್ನೋ ಕಂಡು ಕೂಗಿದಳು. ದೊಡ್ಡವ್ವ ಮೆಲ್ಲಗೆ ಏನೋ ಹೇಳಿದಳು. ಮಾತು ಕೇಳಿಸಲಿಲ್ಲ, ದನಿಯಷ್ಟೇ ಕೇಳಿಸಿತು. ಲೋಟದಲ್ಲಿ ಕಾಫಿ ಆರಿತು. ಈಗ ಕರೆದಾಳು, ಇನ್ನೊಂದು ಗಳಿಗೆಗೆ ಕರೆದಾಳು ಎಂದು ನಾನು ಹಿತ್ತಲ ಬಾಗಿಲ ಕಡೆ ಮುಖ ಮಾಡಿ ಕೂತೇ ಇದ್ದೆ.